ಪ್ಲಗಿನ್ ಉದ್ಯಮಿ

ವರ್ಡ್‌ಪ್ರೆಸ್ ಮೇಲೆ ಸಾಫ್ಟ್‌ವೇರ್ ಕಟ್ಟಿ ತಿಂಗಳ ಚಂದಾಕ್ಕೆ ಕೊಡುವವನೇ ಪ್ಲಗಿನ್ ಉದ್ಯಮಿ. ಬೆಂಗಳೂರಿನಲ್ಲಿ ಎಚ್‌ಎಸ್‌ಆರ್ ಲೇಔಟ್‌ನಿಂದ ರಾಜಾಜಿನಗರದವರೆಗೆ ಈ ತಳಿ ಧಾರಾಳವಾಗಿ ಸಿಗುತ್ತದೆ. ಹಗಲು ಯಾವುದೋ ಕಂಪನಿಯಲ್ಲಿ ನೌಕರಿ, ರಾತ್ರಿ ಊಟವಾದ ಮೇಲೆ ಸ್ವಂತ ‘ಪ್ರಾಡಕ್ಟ್’. ವಿಸಿಟಿಂಗ್ ಕಾರ್ಡಿನಲ್ಲಿ ‘ಫೌಂಡರ್ ಮತ್ತು ಸಿಇಒ’ ಎಂದಿರುತ್ತದೆ. ಉಳಿದ ಸಿಬ್ಬಂದಿ ಇನ್ನೂ ಸೇರಬೇಕು.

2003ರಲ್ಲಿ ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟ್ಲ್ ವರ್ಡ್‌ಪ್ರೆಸ್ ಹೊರತಂದದ್ದು ಬ್ಲಾಗ್ ಬರೆಯುವವರಿಗಾಗಿ. ಮರುವರ್ಷ ಪ್ಲಗಿನ್ ಸೌಲಭ್ಯ ಬಂತು. ಇಂದು ಜಗತ್ತಿನ ಜಾಲತಾಣಗಳಲ್ಲಿ ಶೇ. 40ಕ್ಕೂ ಹೆಚ್ಚು ಇದರ ಮೇಲೇ ನಡೆಯುತ್ತವೆ. ಪರಿಚಯವಾಗುತ್ತಲೇ ಈ ಅಂಕಿಯನ್ನು ಇವನು ಹೇಳಿಬಿಡುತ್ತಾನೆ, ಅದರಲ್ಲಿ ತನ್ನದೂ ಪಾಲಿದೆಯೇನೋ ಎಂಬಂತೆ. ಅದು ಪುಕ್ಕಟೆ ಎಂಬುದು ಎರಡನೆಯ ಮಾತು. ಆದರೆ ಸದಸ್ಯತ್ವಕ್ಕೊಂದು ಪ್ಲಗಿನ್, ಹಣ ಪಡೆಯಲೊಂದು, ಫಾರ್ಮಿಗೊಂದು, ಬ್ಯಾಕಪ್ಪಿಗೊಂದು ಎಂದು ಕೂಡಿಸುತ್ತ ಹೋದರೆ ಪ್ರತಿಯೊಂದಕ್ಕೂ ವರ್ಷ ವರ್ಷ ಡಾಲರಿನಲ್ಲಿ ಕಟ್ಟಬೇಕು. ಚಂದಾದಾರರನ್ನು ಹುಡುಕಲು ಹೊರಟವನು ಮೊದಲು ತಾನೇ ನಾಲ್ಕಾರು ಕಡೆ ಚಂದಾದಾರನಾಗುತ್ತಾನೆ.

ಇವನ ಸರಕಿಗೆ ಒಳ್ಳೆಯ ಮಾದರಿ ಕಲ್ಯಾಣ ಮಂಟಪದ ಬುಕಿಂಗ್ ವ್ಯವಸ್ಥೆ. ವರ್ಡ್‌ಪ್ರೆಸ್ ಕಣ್ಣಿಗೆ ಲೋಕದಲ್ಲಿ ಏನಿದ್ದರೂ ಅದು ‘ಪೋಸ್ಟ್’. ಹಾಗಾಗಿ ಮದುವೆಯೂ ಪೋಸ್ಟೇ. ಮುಂಗಡ ಬರುವ ತನಕ ಮದುವೆ ‘ಡ್ರಾಫ್ಟ್’, ಬಂದ ಮೇಲೆ ‘ಪಬ್ಲಿಷ್ಡ್’. ವರ ಬದಲಾದರೆ ಹಳೆಯ ವರ ‘ರಿವಿಷನ್’ ಆಗಿ ಒಳಗೇ ಉಳಿದಿರುತ್ತಾನೆ. ಸಂಬಂಧ ಮುರಿದರೆ ಮದುವೆ ‘ಟ್ರ್ಯಾಶ್’ ಸೇರಿ 30 ದಿನಕ್ಕೆ ತಾನಾಗಿ ಅಳಿಸಿಹೋಗುತ್ತದೆ. ಅಷ್ಟರೊಳಗೆ ಹಿರಿಯರು ರಾಜಿ ಮಾಡಿಸಿದರೆ ‘ರಿಸ್ಟೋರ್’ ಒತ್ತಬಹುದು. ಮುಂಗಡದ ಮೊತ್ತ, ಎಲೆಯ ಲೆಕ್ಕ, ಓಲಗದವರ ಫೋನ್ ನಂಬರ್ ಎಲ್ಲವೂ ‘ಪೋಸ್ಟ್‌ಮೆಟಾ’ ಎಂಬ ಒಂದೇ ಕೋಷ್ಟಕದಲ್ಲಿ, ಮದುವೆಮನೆಯ ಉಗ್ರಾಣದ ಹಾಗೆ. ಅಲ್ಲಿ ಅಂಕಿಯೂ ಅಕ್ಷರವೇ. ಹುಷಾರಿಲ್ಲದೆ ವಿಂಗಡಿಸಿದರೆ 10ನೇ ತಾರೀಕು 2ನೇ ತಾರೀಕಿಗಿಂತ ಮೊದಲು ಬಂದು ಕೂರುತ್ತದೆ.

ಹಲವು ಮಂಟಪಗಳನ್ನು ಒಂದೇ ಕಡೆ ನಡೆಸಲು 2010ರ 3.0 ಆವೃತ್ತಿಯಲ್ಲಿ ಸೇರಿದ ‘ಮಲ್ಟಿಸೈಟ್’ ಇದೆ. ಪ್ರತಿ ಮಂಟಪಕ್ಕೆ ಸುಮಾರು 10 ಕೋಷ್ಟಕ. ಸಾವಿರ ಮಂಟಪಗಳಾದರೆ ಡೇಟಾಬೇಸಿನ ಗತಿಯೇನು ಎಂದು ಇವನು ನಿದ್ದೆಗೆಡುತ್ತಾನೆ. ಸದ್ಯಕ್ಕೆ ಬಂದಿರುವುದು ಮೂರು, ಅದರಲ್ಲೊಂದು ಸೋದರಮಾವನದು.

ವಸೂಲಿ ಬೇರೆಯೇ ಅಧ್ಯಾಯ. ಕಾರ್ಡಿನಿಂದ ತಿಂಗಳು ತಿಂಗಳು ಹಣ ಎಳೆಯುವ ಮೊದಲು ಗ್ರಾಹಕರಿಗೆ 24 ಗಂಟೆ ಮುಂಚೆ ತಿಳಿಸಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರಿನಿಂದ ಬಿಗಿಯಾಗಿದೆ. ಬೇಡ ಎಂದು ತೀರ್ಮಾನಿಸಲು ಮಂಟಪದ ಯಜಮಾನರಿಗೆ ಅಷ್ಟು ಹೊತ್ತೂ ಬೇಕಿಲ್ಲ. “ತಿಂಗಳು ತಿಂಗಳು ಏನ್ರೀ ಇದು, ಹಾಲಿನ ಲೆಕ್ಕಾನಾ? ಒಂದೇ ಸಲಕ್ಕೆ ಎಷ್ಟು ಅಂತ ಹೇಳಿ, ಮುಗಿಸಿಬಿಡೋಣ.” “ಸರ್, ಇದು ಸಬ್‌ಸ್ಕ್ರಿಪ್ಷನ್ ಮಾಡೆಲ್ಲು...” “ಆಯ್ತಪ್ಪ, ಆಷಾಢದಲ್ಲಿ ಮದುವೇನೇ ಇರಲ್ವಲ್ಲ, ಆ ತಿಂಗಳು ಬಿಡ್ತೀಯಾ?”

ಆಷಾಢದ ಪ್ರಶ್ನೆಗೆ ತಾಂತ್ರಿಕ ಮುಖವೂ ಇದೆ. ವರ್ಡ್‌ಪ್ರೆಸ್‌ಗೆ ಸ್ವಂತ ಗಡಿಯಾರವಿಲ್ಲ. ಹೊತ್ತಿಗೆ ಸರಿಯಾಗಿ ಬಿಲ್ ಕಳಿಸಬೇಕಾದ ‘ಡಬ್ಲ್ಯುಪಿ-ಕ್ರಾನ್’ ಏಳುವುದು ಯಾರಾದರೂ ಪುಟ ತೆರೆದಾಗ ಮಾತ್ರ. ಆಷಾಢದಲ್ಲಿ ಮಂಟಪದ ಪುಟ ತೆರೆಯುವವರಾರು? ಸರ್ವರಿನ ಕ್ರಾನ್‌ಗೆ ಕಟ್ಟಿದರೆ ತೊಂದರೆ ತೀರುತ್ತದೆ, ಆದರೆ ಆ ಕೆಲಸ ‘ಮುಂದಿನ ಆವೃತ್ತಿಗೆ’ ಎಂದು ಗುರುತಾಗಿ ಬಹಳ ಕಾಲವಾಗಿದೆ. ಅಲ್ಲಿಯವರೆಗೆ ಸಿಇಒ ಮಲಗುವ ಮುನ್ನ ಮೂರೂ ಮಂಟಪಗಳ ಪುಟವನ್ನು ತಾನೇ ಒಮ್ಮೆ ತೆರೆದು ಮುಚ್ಚುತ್ತಾನೆ.

ಶ್ರಾವಣದ ಹೊತ್ತಿಗೆ ಬೆಲೆಪಟ್ಟಿಯಲ್ಲಿ ‘ಲೈಫ್‌ಟೈಮ್ ಪ್ಲಾನ್’ ಎಂಬ ಹೊಸ ಸಾಲು ಸೇರುತ್ತದೆ. ಯಜಮಾನರು ಅದರಲ್ಲೂ ಚೌಕಾಸಿ ಮಾಡಿ ಕೊಳ್ಳುತ್ತಾರೆ. ಬಂದ ದುಡ್ಡು ಅದೇ ವಾರ ಅವಧಿ ಮುಗಿಯುವ ಫಾರ್ಮ್ ಪ್ಲಗಿನ್ನಿನ ನವೀಕರಣಕ್ಕೆ ಹೋಗುತ್ತದೆ, ಅದೂ ಡಾಲರಿನ ಅಂದಿನ ದರದಲ್ಲಿ.