ಜಾವಾ ಯಜಮಾನರು

ಜಾವಾ ಯಜಮಾನರೆಂಬ ವರ್ಗ ನಂಜನಗೂಡು, ತಿ. ನರಸೀಪುರ ಎರಡೂ ತಾಲ್ಲೂಕುಗಳಲ್ಲಿ ಕಾಣಸಿಗುತ್ತದೆ. ಇವರಲ್ಲಿ ಬಹುಪಾಲು ನಿವೃತ್ತರು: ಮೇಷ್ಟ್ರು, ಲೈನ್‌ಮನ್, ಕಾರ್ಖಾನೆಯ ಫಿಟ್ಟರ್. ಗುರುತು ಹಿಡಿಯಲು ಮುಖ ನೋಡಬೇಕಾಗಿಲ್ಲ, ಮನೆಯ ಮುಂದಿನ ಜಗಲಿ ನೋಡಿದರೆ ಸಾಕು. ರಂಗೋಲಿಯ ಪಕ್ಕ ಒಂದು ಹಳೇ ರಟ್ಟು, ರಟ್ಟಿನ ಮೇಲೆ ಅಂಗೈಯಗಲ ಕಪ್ಪು ಮಚ್ಚೆ, ಮಚ್ಚೆಯ ನೇರಕ್ಕೆ ಮೇಲೆ ಜಾವಾ ಬೈಕಿನ 250 ಸಿ.ಸಿ. ಎಂಜಿನ್. ರಟ್ಟು ಹಾಸಿರುವುದು ಮನೆಯಾಕೆಯ ಅಪ್ಪಣೆಯಿಂದ. ರಾತ್ರಿ ಬೆಳಗಾಗುವುದರಲ್ಲಿ ಮಚ್ಚೆ ಎಷ್ಟು ಹಿಗ್ಗಿತೆಂದು ನೋಡುವುದು ಯಜಮಾನರ ಸ್ವಂತ ಉತ್ಸಾಹ.

ಈ ವರ್ಗ ಈ ಸೀಮೆಯಲ್ಲೇ ದಟ್ಟವಾಗಿರುವುದಕ್ಕೆ ಕಾರಣ ಮೈಸೂರಿನ ಯಾದವಗಿರಿ. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ ಬೈಕುಗಳನ್ನೂ 1973ರಿಂದ ಅದೇ ವಂಶದ ಯೆಜ್ಡಿಗಳನ್ನೂ ಹೊರಬಿಟ್ಟು, 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಂದಾಚೆಗೆ ಗಾಡಿಗಳು ಉಳಿದವು, ಬಿಡಿಭಾಗಗಳು ಕಡಿಮೆಯಾದವು, ಅಭಿಪ್ರಾಯಗಳು ಹೆಚ್ಚಾದವು. ಪ್ರತಿ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ ನಡೆಯುವುದರಿಂದ ಯಜಮಾನರ ಎಂಜಿನ್ ಜೂನ್‌ನಲ್ಲಿ ಬಿಚ್ಚಿರುತ್ತದೆ. ಜುಲೈ ಎರಡನೇ ಭಾನುವಾರವೂ ಬಿಚ್ಚೇ ಇರುತ್ತದೆ.

ಈ ಎಂಜಿನ್ನಿನಲ್ಲಿ ಆಯಿಲ್ ಎರಡು ಬಗೆ. ಟೂ-ಸ್ಟ್ರೋಕ್ ಆದ್ದರಿಂದ ಪೆಟ್ರೋಲಿಗೆ ಲೀಟರಿಗೆ ಸುಮಾರು 40 ಮಿ.ಲೀ.ನಂತೆ ಬೆರೆಸುವ ಆಯಿಲ್ ಒಂದು. ಗೇರ್, ಕ್ಲಚ್, ಪ್ರೈಮರಿ ಚೈನ್ ಮುಳುಗಿರುವ ಗೇರ್ ಬಾಕ್ಸ್ ಆಯಿಲ್ ಇನ್ನೊಂದು. ಮೊದಲನೆಯದು ಸಿಲಿಂಡರಿನಿಂದ ಹೊರಡುವ ಎರಡು ಸೈಲೆನ್ಸರ್ ಬೆಂಡ್‌ಗಳ ಬುಡದಲ್ಲಿ ಕರಿಯಾಗಿ ಜಿನುಗುತ್ತದೆ. ಎರಡನೆಯದು ಎಡಗಡೆಯ ಕ್ಲಚ್ ಕವರಿನಿಂದ, ಅದರಲ್ಲೂ ಕಿಕ್ಕರ್ ಬುಡದಿಂದ ಸೋರುತ್ತದೆ. ಜಾವಾದಲ್ಲಿ ಕಿಕ್ಕರ್, ಗೇರ್ ಎರಡಕ್ಕೂ ಒಂದೇ ಲಿವರ್. ಅದಕ್ಕಾಗಿ ಒಂದರೊಳಗೊಂದು ಎರಡು ಶಾಫ್ಟ್ ಕೂತಿರುತ್ತವೆ. ಅವು ಸವೆದಷ್ಟೂ ಆಯಿಲಿಗೆ ದಾರಿ ಸಲೀಸು. ಮೂರನೆಯ ಸೋರಿಕೆ ಯಾರ ಕಣ್ಣಿಗೂ ಬೀಳದು. ಕ್ರ್ಯಾಂಕಿನ ಎಡ ಆಯಿಲ್ ಸೀಲ್ ಹೋದರೆ ಎಂಜಿನ್ ಗೇರ್ ಬಾಕ್ಸ್ ಆಯಿಲನ್ನು ಒಳಗೊಳಗೇ ಹೀರಿ ಸುಡುತ್ತದೆ: ನೆಲದ ಮೇಲೆ ಹನಿಯಿಲ್ಲ, ಗೇರ್ ಬಾಕ್ಸಿನಲ್ಲಿ ಆಯಿಲಿಲ್ಲ, ಹಿಂದೆ ಬರುವವರಿಗೆ ರಸ್ತೆಯಿಲ್ಲ. ಕಾವೇರಿ, ಕಪಿಲೆಯ ಜೊತೆಗೆ ಗುಪ್ತವಾಗಿ ಸ್ಫಟಿಕ ಸರೋವರವೂ ಸೇರುತ್ತದೆಂದು ಕೇಳಿ ಬೆಳೆದ ನರಸೀಪುರದ ಯಜಮಾನರಿಗೆ ಈ ಮೂರನೆಯದನ್ನು ನಂಬುವುದು ಕಷ್ಟವೇ ಅಲ್ಲ. ಬಲ ಸೀಲ್, ಅಂದರೆ ಡೈನಮೋ ಕಡೆಯದು ಹೋದರೆ ಆಯಿಲ್ ಹೊರಬರುವ ಬದಲು ಗಾಳಿ ಒಳಹೋಗುತ್ತದೆ. ಎಂಜಿನ್ ಐಡ್ಲಿಂಗ್‌ನಲ್ಲೇ ಅರಚಿಕೊಳ್ಳುತ್ತದೆ. ಆಗ ಯಜಮಾನರು ಕಾರ್ಬ್ಯುರೇಟರಿನ ಮೇಲೆ ಆರೋಪ ಹೊರಿಸಿ ಒಂದು ತಿಂಗಳು ಕಳೆಯುತ್ತಾರೆ.

ಸೋರುವ ಜಾಗವೇ ಬೇರೆ, ತೊಟ್ಟಿಕ್ಕುವ ಜಾಗವೇ ಬೇರೆ. ಓಡುವಾಗ ಗಾಳಿ ಆಯಿಲನ್ನು ಹಿಂದಕ್ಕೆ ತಳ್ಳುತ್ತದೆ, ನಿಂತಾಗ ಅದು ಇಳಿದು ತಗ್ಗಿನ ಬೋಲ್ಟ್ ತುದಿಗೆ ಬರುತ್ತದೆ. ಆದ್ದರಿಂದ ಎಂಜಿನ್ನನ್ನು ಸೀಮೆಎಣ್ಣೆಯಲ್ಲೋ ಡೀಸೆಲ್ಲಿನಲ್ಲೋ ತೊಳೆದು, ಒಣಗಿಸಿ, ಪುಡಿ ಉದುರಿಸಿ, ಸ್ವಲ್ಪ ಹೊತ್ತು ಓಡಿಸಿ, ಪುಡಿ ಎಲ್ಲಿ ಮೊದಲು ಒದ್ದೆಯಾಯಿತೆಂದು ನೋಡಬೇಕು. ಎಲ್ಲೆಡೆ ಮುಖದ ಪೌಡರ್ ನಡೆಯುತ್ತದೆ. ನಂಜನಗೂಡಿನ ಯಜಮಾನರು ಮಾತ್ರ ಬಿ.ವಿ. ಪಂಡಿತರು 1913ರಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಗುಲಾಬಿ ಹಲ್ಲುಪುಡಿಯನ್ನೇ ಬಳಸುತ್ತಾರೆ. ಗುಲಾಬಿಯ ಮೇಲೆ ಕಪ್ಪು ಚೆನ್ನಾಗಿ ಎದ್ದು ಕಾಣುತ್ತದೆಂಬುದು ಅವರ ವಾದ. ಮನೆಯವರು ಬೆಳಗ್ಗೆ ಡಬ್ಬಿ ಅಲ್ಲಾಡಿಸಿ ನೋಡಿ ಸುಮ್ಮನಾಗುತ್ತಾರೆ.

ಬಿಚ್ಚುವಾಗ ಯಜಮಾನರ ಬಾಯಲ್ಲಿ ಬರುವ ಮೊದಲ ಮಾತು, “ಯಾವನ್ರೀ ಇದನ್ನ ಬಿಚ್ಚಿದ್ದು?” ಹಿಂದೆ ಬಿಚ್ಚಿದ್ದವರು ಅವರೇ ಆಗಿದ್ದರೂ ಪ್ರಶ್ನೆ ಬದಲಾಗುವುದಿಲ್ಲ. ಆಕ್ಷೇಪಣೆಯಲ್ಲಿ ಹುರುಳಿದೆ. ಅಂಟಿಕೊಂಡ ಕ್ರ್ಯಾಂಕ್ ಕೇಸಿನ ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಮೆತ್ತನೆಯ ಅಲ್ಯೂಮಿನಿಯಂ ಅಂಚಿನಲ್ಲಿ ಗಾಯವಾಗುತ್ತದೆ, ಸೋರಿಕೆ ಅಲ್ಲಿಂದಲೇ ಶುರು. ಅಂಚಿನ ಉಬ್ಬುತಗ್ಗು ತೆಗೆಯಲು ದಪ್ಪ ಗಾಜಿನ ಮೇಲೆ ನಯವಾದ ಎಮರಿ ಪೇಪರ್ ಹಾಸಿ, ಕವರನ್ನು ಅದರ ಮೇಲೆ ಎಂಟರ ಅಂಕಿಯಂತೆ ಉಜ್ಜಬೇಕು. ಗಾಜು ಬೇಕೆಂದಾಗ ದೇವರ ಪಟಗಳ ಮೇಲೆ ಕಣ್ಣು ಬೀಳುವುದುಂಟು.

ಇಲ್ಲಿಂದ, ಕವರಿನ ಸಂದಿ ಮುಚ್ಚುವ ವಿಷಯದಲ್ಲಿ, ಯಜಮಾನರಲ್ಲಿ ಎರಡು ಪಂಥ. ಒಂದು ಪೇಸ್ಟಿನವರದು. ಎರಡೂ ಮುಖಕ್ಕೆ ಧಾರಾಳವಾಗಿ ಬಳಿದು ಬಿಗಿಯುತ್ತಾರೆ. ಹೊರಕ್ಕೆ ಇಣುಕಿದ್ದು ಚೆಂದವಾಗಿ ಕಾಣುತ್ತದೆ, ಒಳಕ್ಕೆ ಇಣುಕಿದ್ದು ಕಿತ್ತುಬಂದು ಆಯಿಲಿನ ತೂತನ್ನು ಮುಚ್ಚುತ್ತದೆ. ಇನ್ನೊಂದು ಪೇಪರ್ ಪ್ಯಾಕಿಂಗಿನವರದು. ಕಾಗದವನ್ನು ಕವರಿನ ಮೇಲಿಟ್ಟು ಅಂಚಿನುದ್ದಕ್ಕೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಪ್ಯಾಕಿಂಗ್ ತಾನಾಗಿ ಕತ್ತರಿಸಿ ಬರುತ್ತದೆ. ಬೋಲ್ಟಿನ ತೂತಿಗೆ ಬೇರಿಂಗ್ ಗುಂಡು ಇಟ್ಟು ಒಂದೇಟು. ಈ ಪಂಥದವರಿಗೆ ಮದುವೆಯ ಕರೆಯೋಲೆ ಕೊಟ್ಟರೆ ವಧೂವರರ ಹೆಸರಿಗಿಂತ ಮುಂಚೆ ಕಾಗದದ ದಪ್ಪ ನೋಡುತ್ತಾರೆ. ಲಗ್ನದ ದಿನವನ್ನು ಆಮೇಲೆ ಗೇರ್ ಬಾಕ್ಸ್ ಬಿಚ್ಚಿ ಓದಬೇಕಾಗುತ್ತದೆ. ನ್ಯಾಯವಾಗಿ ಹೇಳಬೇಕೆಂದರೆ ಇದು ಪಂಥದ ಪ್ರಶ್ನೆಯಲ್ಲ. ಮುಖ ಸಮತಟ್ಟಾಗಿದ್ದರೆ ಎರಡೂ ಹಿಡಿಯುತ್ತವೆ, ಸೊಟ್ಟಗಿದ್ದರೆ ಎರಡೂ ಸೋರುತ್ತವೆ. ಇದನ್ನು ಎರಡೂ ಪಂಥದವರ ಎದುರು ಹೇಳಿದವರಿಗೆ ಎರಡೂ ಮನೆಯಲ್ಲಿ ಕಾಫಿ ಸಿಗುವುದಿಲ್ಲ.

ಸೀಲಿನ ವಿಷಯದಲ್ಲಿ ವಾದಕ್ಕೆ ಆಸ್ಪದ ಕಡಿಮೆ. ಸ್ಪ್ರಿಂಗ್ ಇರುವ ಮುಖ ಆಯಿಲ್ ತಡೆಯಬೇಕಾದ ಕಡೆಗೆ, ತುಟಿಗೆ ಆಯಿಲ್ ಸವರಿ, ಓರೆಯಾಗದಂತೆ ಕೂರಿಸಬೇಕು. ಹೊಸ ಸೀಲ್ ಹಾಕಿದ ಮೇಲೂ ಸೋರಿದರೆ ಶಾಫ್ಟ್ ಮೇಲೆ ಉಗುರು ಆಡಿಸಬೇಕು; ಹಳೇ ಸೀಲ್ ಕೊರೆದ ಗೆರೆ ತಗುಲಿದರೆ ತಪ್ಪು ಸೀಲಿನದಲ್ಲ. ಜಾಗವಿದ್ದರೆ ಸೀಲನ್ನು ಒಂದು ಕೂದಲಷ್ಟು ಮುಂದೆ ಕೂರಿಸಬಹುದು, ಇಲ್ಲದಿದ್ದರೆ ಮೈಸೂರಿನ ಲೇತಿನವರ ಬಾಗಿಲು. ಲೇತಿನವರು “ಸೋಮವಾರ ಬನ್ನಿ ಸಾರ್” ಅನ್ನುತ್ತಾರೆ, ಯಾವ ಸೋಮವಾರ ಎಂದು ಹೇಳುವುದಿಲ್ಲ.

ಸ್ಕ್ರೂಗಳನ್ನು ಒಂದಕ್ಕೊಂದು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಸೋರುತ್ತಿದೆಯೆಂದು ಒಂದನ್ನೇ ಅಮುಕಿದರೆ ಕವರ್ ಬಾಗುತ್ತದೆ, ಇನ್ನೂ ಅಮುಕಿದರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತು ಕೈಗೆ ಬರುತ್ತದೆ. ಗೇರ್ ಬಾಕ್ಸಿನ ಉಸಿರಾಟದ ಸಣ್ಣ ತೂತನ್ನು ಹಲವರು ಮರೆಯುತ್ತಾರೆ. ಅದರಲ್ಲಿ ಮಣ್ಣು ತುಂಬಿದ್ದರೆ, ಗೇರ್ ಬಾಕ್ಸ್ ಬಿಸಿಯಾದಾಗ ಹಿಗ್ಗಿದ ಗಾಳಿ ಒಳ್ಳೆಯ ಸೀಲನ್ನೂ ಒದ್ದು ಆಯಿಲನ್ನು ಹೊರಗೆ ಕಳಿಸುತ್ತದೆ. ಅಳತೆಗಿಂತ ಹೆಚ್ಚು ಆಯಿಲ್ ಸುರಿದರೂ ಅದೇ ಗತಿ. “ಸೋರುತ್ತಲ್ಲಾ, ಇರಲಿ” ಎಂದು ಒಂದು ಲೋಟ ಜಾಸ್ತಿ ಹಾಕುವುದು ಈ ವರ್ಗದ ಖಾಯಂ ಅಭ್ಯಾಸ.

ಎಲ್ಲ ಮುಗಿದು ರಟ್ಟು ಒಂದು ವಾರ ಒಣಗಿಯೇ ಇದ್ದರೆ ಯಜಮಾನರಿಗೆ ನಿದ್ದೆ ಬರುವುದಿಲ್ಲ. ಆಯಿಲ್ ಸ್ಕ್ರೂ ಬಿಚ್ಚಿ ಒಳಗೆ ಇದೆಯೇ ಎಂದು ನೋಡುತ್ತಾರೆ. ಇದ್ದರೆ ಸ್ಕ್ರೂ ಮತ್ತೆ ಹಾಕುತ್ತಾರೆ, ಹಳೇ ವಾಷರ್ ಸರಿಯಾಗಿ ಕೂರುವುದಿಲ್ಲ. ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕ್ ಸೋರುವುದು ಬೇರೆ ಶಾಖೆ. ಅದರ ಯಜಮಾನರು ಎದುರು ಮನೆಯಲ್ಲಿರುತ್ತಾರೆ.