ತಟ್ಟೆಯೊಳಗಿನ ಇಲಾಖೆ

ಐಜೂರಿನ ಬೀದಿಗೊಬ್ಬರಾದರೂ ಇಂಥವರು ಇದ್ದೇ ಇರುತ್ತಾರೆ. ರೇಷ್ಮೆ ಇಲಾಖೆಯಿಂದ ನಿವೃತ್ತರು. ಕೈಕೆಳಗೆ ಸಿಬ್ಬಂದಿಯಿಲ್ಲ, ಗದರಲು ರೈತರಿಲ್ಲ, ಮಕ್ಕಳು ಬೆಂಗಳೂರಿನಲ್ಲಿ, ಹೆಂಡತಿ ಗದರಿಸಿಕೊಳ್ಳುವ ಪೈಕಿಯಲ್ಲ. ಹೀಗಿರುವಾಗ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆಂದು ಹೋದವರು ಒಂದಡಿ ಎತ್ತರದ ಫೈಕಸ್ ಬೋನ್ಸಾಯ್ ಒಂದನ್ನು ತೊಡೆಯ ಮೇಲೆ ಕೂರಿಸಿಕೊಂಡು ರೈಲಿನಲ್ಲಿ ಬಂದಿಳಿಯುತ್ತಾರೆ. ಅವತ್ತಿನಿಂದ ಬೀದಿಗೆಲ್ಲ ಅವರು ಬೋನ್ಸಾಯ್ ಸಾಹೇಬರು.

ಸಾಹೇಬರ ಇಡೀ ಇಲಾಖೆ ಈಗ ಆ ತಟ್ಟೆಯೊಳಗಿದೆ. ಹಿಂದೆ ಚಾಕಿ ಮನೆಯಲ್ಲಿ ಹುಳುಗಳ ಯೋಗಕ್ಷೇಮ ನೋಡುತ್ತಿದ್ದ ಉಷ್ಣಮಾಪಕ ಕಿಟಕಿಗೆ ನೇತುಬಿದ್ದಿದೆ. ಪಕ್ಕದಲ್ಲೇ ಗೆರೆ ಎಳೆದ ರಿಜಿಸ್ಟರು: ದಿನಾಂಕ, ಬಿಸಿಲು, ನೀರು, ಷರಾ. ಬೆಳಿಗ್ಗೆ ಕಾಫಿಗೂ ಮುಂಚೆ ತೋರುಬೆರಳನ್ನು ಒಂದಂಗುಲ ಮಣ್ಣಿಗಿಳಿಸುತ್ತಾರೆ. ಒಣಗಿದ್ದರೆ ನೀರು ‘ಮಂಜೂರು’, ತೇವವಿದ್ದರೆ ‘ತಡೆಹಿಡಿಯಲಾಗಿದೆ’. ಬೇಸಿಗೆಯಲ್ಲಿ ಸಂಜೆಯೂ ಒಂದು ತಪಾಸಣೆ, ಪೂರ್ವಸೂಚನೆಯಿಲ್ಲದೆ.

“ಆಲ, ಅರಳಿ, ಅತ್ತಿ, ಬಸರಿ ಎಲ್ಲಾ ಫೈಕಸ್ಸೇ ಕಣ್ರೀ. ನಮ್ಮ ಹಿಪ್ಪುನೇರಳೆ ಕೂಡ ಇದೇ ಕುಟುಂಬ. ಚಿವುಟಿ ನೋಡಿ, ಅದಕ್ಕೂ ಹಾಲು ಬರುತ್ತೆ” ಎಂದು ಹಾಲು ತರಲು ಹೋಗುವವರನ್ನು ನಿಲ್ಲಿಸಿ ಹೇಳುತ್ತಾರೆ. ಸರ್ವಿಸಿನ ಉದ್ದಕ್ಕೂ ರೈತರ ಹಿಪ್ಪುನೇರಳೆಯನ್ನು ಬುಡಮಟ್ಟ ಸವರಿಸಿದ ಮನುಷ್ಯ, ಈಗ ಒಂದು ಕಡ್ಡಿ ಕತ್ತರಿಸಲು ಪಂಚಾಂಗ ನೋಡುತ್ತಾರೆ. ಕತ್ತರಿಸಿದ ಮೇಲೆ ಒಸರುವ ಹಾಲನ್ನು ಹತ್ತಿಯಲ್ಲಿ ಒರೆಸುತ್ತಾರೆ. ಕೊಂಬೆಗೆ ಸುತ್ತಿದ ತಂತಿ ತೊಗಟೆಗೆ ಕಚ್ಚಿತೋ ಎಂದು ಭೂತಗನ್ನಡಿ ಹಿಡಿಯುತ್ತಾರೆ. ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಮಿಕ್ಸಿ ಹಾಕುವಂತಿಲ್ಲ.

ಮಗಳ ನಿಶ್ಚಿತಾರ್ಥಕ್ಕೆ ಜಾಗ ಬೇಕೆಂದು ಮರವನ್ನು ಕಿಟಕಿಯಿಂದ ಹಿಂದಿನ ರೂಮಿಗೆ ಸಾಗಿಸಿದ್ದರು. ವಾರದೊಳಗೆ ಎಲೆಯೆಲ್ಲ ನೆಲಕ್ಕೆ. ಫೈಕಸ್ಸಿನ ಸ್ವಭಾವವೇ ಅದು. ಬೆಳಕು ಬದಲಾದರೆ ಎಲೆ ಕೆಡವುತ್ತದೆ, ಹಳೇ ಜಾಗಕ್ಕೆ ತಂದು ನೀರು ಕಮ್ಮಿ ಮಾಡಿ ಸುಮ್ಮನಿದ್ದರೆ ಮತ್ತೆ ಚಿಗುರುತ್ತದೆ. ಸುಮ್ಮನಿರುವುದೇ ಸಾಹೇಬರಿಗೆ ಕಷ್ಟ.

“ನಂಗೆ ಕನಕಪುರಕ್ಕೆ ವರ್ಗ ಆದಾಗ್ಲೂ ಹಿಂಗೇ ಕೂದಲು ಉದುರಿತ್ತು ಕಣೇ.”

“ಮರದ್ದು ವಾಪಸ್ ಬರುತ್ತಂತೆ ಬಿಡಿ” ಎಂದರು ಹೆಂಡತಿ.

ಕುದೂರಿನ ಕಡೆಯಿಂದ ಸಾಹೇಬರ ಅಕ್ಕ ಬಂದಾಗ ಮಾತ್ರ ಇಲಾಖೆ ನಡುಗುತ್ತದೆ. ಹುಲಿಕಲ್‌ನಿಂದ ಕುದೂರಿಗೆ ಹೋಗುವ ರಸ್ತೆ ಆಕೆಯ ತವರಿನ ದಾರಿ. ಸಾಲುಮರದ ತಿಮ್ಮಕ್ಕ, ಗಂಡ ಚಿಕ್ಕಯ್ಯನ ಜೊತೆ ಬಿಂದಿಗೆಯಲ್ಲಿ ನೀರು ಹೊತ್ತು, ದನ ಬಾಯಿ ಹಾಕದ ಹಾಗೆ ಮುಳ್ಳು ಕಟ್ಟಿ ಸಾಕಿದ 385 ಆಲದ ಮರಗಳು ಇರುವುದು ಅಲ್ಲೇ. ತಿಮ್ಮಕ್ಕನಿಗೆ ಪದ್ಮಶ್ರೀ ಬಂದದ್ದು 2019ರಲ್ಲಿ. ಅಕ್ಕ ಆ ಮರಗಳ ಕೆಳಗೆ ಬಸ್ಸಿಗೆ ಕಾಯಲು ಶುರುಮಾಡಿದ್ದು ಅದಕ್ಕೂ ಬಹಳ ಹಿಂದೆ.

“ಲೇ ತಮ್ಮ, ಇದನ್ನ ನೆಲಕ್ಕಿಡೋದು ಯಾವಾಗ?”

“ನೆಲಕ್ಕಿಡಲ್ಲ ಅಕ್ಕ. ಎರಡು ವರ್ಷಕ್ಕೊಂದ್ಸಲ ಬೇರು ಸವರಿ ಮತ್ತೆ ತಟ್ಟೆಗೇ ಇಡ್ತೀವಿ.”

“ನೆರಳು?”

“ನೆರಳಿಗಲ್ಲ, ನೋಡೋಕೆ.”

ಅಕ್ಕ ಎಲೆಅಡಿಕೆ ಒಂದು ಕಡೆಯ ದವಡೆಗೆ ಸರಿಸಿಕೊಂಡು ಹೇಳಿದಳು: “ತಿಮ್ಮಕ್ಕ ನಿನ್ನಷ್ಟು ಓದ್ಕೊಂಡಿದ್ದಿದ್ರೆ ಬಸ್ಸಿಗೆ ಕಾಯೋಕೆ ನಾವೆಲ್ಲ ತಟ್ಟೆಯೊಳಗೆ ನಿಂತ್ಕೋಬೇಕಾಗಿತ್ತು.”

ಇನ್ನೊಂದು ಫೈಕಸ್ಸಿನ ವಿಚಾರ. ರಾಮದೇವರ ಬೆಟ್ಟದ ಕಡೆ ಬಂಡೆ ಬಿರುಕಿನಲ್ಲೂ ಈ ಜಾತಿಯ ಗಿಡ ಬೇರು ಬಿಡುತ್ತದೆ. ಸಾಹೇಬರ ಮನೆ ಏನು ಮಹಾ. ಹಕ್ಕಿ ಉದುರಿಸಿದ ಬೀಜವೊಂದು ತಾರಸಿಯ ಪ್ಯಾರಾಪೆಟ್ಟಿನಲ್ಲಿ, ಮಳೆನೀರಿನ ಪೈಪಿನ ಪಕ್ಕ ಮೊಳೆತು, ರಿಜಿಸ್ಟರು ಉಷ್ಣಮಾಪಕ ಯಾವುದರ ಹಂಗೂ ಇಲ್ಲದೆ ಕೊಬ್ಬಿತ್ತು. ಗೋಡೆ ಬಿರುಕು ಬಿಟ್ಟಿತು. ಸಾಹೇಬರು ಕೆಂಡಾಮಂಡಲವಾಗಿ ಗಾರೆ ಕೆಲಸದವನನ್ನು ಕರೆಸಿ, ಬೇರುಸಮೇತ ಕೀಳಿಸಿ, ಸಾಗಿಸುವ ಕೂಲಿ ಬೇರೆ ಕೊಟ್ಟರು. ಅವನು ಅದನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿ, ಯಾಕೋ ಬಹಳ ಜೋಪಾನವಾಗಿ ಒಯ್ದ.

ಕೆಲವು ತಿಂಗಳಾದ ಮೇಲೆ ಹೆದ್ದಾರಿ ಪಕ್ಕದ ನರ್ಸರಿಯಲ್ಲಿ ಚೌಕಾಸಿ ಮಾಡಿ ಮಾಡಿ, ಕೊನೆಗೂ ಹೇಳಿದಷ್ಟೇ ಕೊಟ್ಟು, ಸಾಹೇಬರು ಎರಡನೇ ಬೋನ್ಸಾಯ್ ತಂದರು. ದಪ್ಪ ಬುಡ, ಗಂಟುಗಂಟು ಬೇರು, ಬೇರಿನ ನಡುವೆ ಅವುಚಿಕೊಂಡ ಒಂದು ಕಲ್ಲು.

“ಬೇರು ಬಂಡೆಯನ್ನ ತಬ್ಬಿರೋದು ನೋಡು. ಜಪಾನಿನಲ್ಲಿ ಈ ಶೈಲಿಗೆ ಸೆಕಿಜೋಜು ಅಂತಾರೆ.”

ಹೆಂಡತಿ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಉಗುರಿನಿಂದ ಕೆರೆದರು. ಹಸಿರು ಡಿಸ್ಟೆಂಪರಿನ ಒಂದು ಚಕ್ಕೆ ಎದ್ದು ಬಂತು.

“ಏನಂದ್ರೆ, ನಿಮ್ಮ ಜಪಾನಿಗೂ ನಮ್ಮ ತಾರಸಿ ಬಣ್ಣವನ್ನೇ ಹೊಡೆದಿದ್ದಾರಲ್ಲ.”

ಸಾಹೇಬರು ರಿಜಿಸ್ಟರು ತೆಗೆದು ಹೊಸ ಪುಟಕ್ಕೆ ಗೆರೆ ಎಳೆದರು. ಷರಾ ಕಾಲಂನಲ್ಲಿ ಬರೆದರು: ‘ಮೂಲ ಸ್ಥಾನಕ್ಕೆ ಮರು ನಿಯುಕ್ತಿ.’