ಬಕೆಟ್ ಮೇಲೆ ಕೂತ ಅಪ್ಪ

ಸಾಫ್ಟ್‌ಬಾಲ್ ಮೆತ್ತಗಿರುವುದಿಲ್ಲ ಎಂಬ ಸತ್ಯ ನಮ್ಮ ಮನೆಯಲ್ಲಿ ಮೊದಲು ಗೊತ್ತಾದದ್ದು ನಮ್ಮವರ ಮೊಣಕಾಲ ಚಿಪ್ಪಿಗೆ. ಆಟ ಹುಟ್ಟಿದಾಗ ಮಾತ್ರ ನಿಜಕ್ಕೂ ಮೆತ್ತಗಿತ್ತಂತೆ. 1887ರ ಥ್ಯಾಂಕ್ಸ್‌ಗಿವಿಂಗ್ ದಿನ ಇಲ್ಲೇ ಷಿಕಾಗೋದ ಫರಗಟ್ ಬೋಟ್ ಕ್ಲಬ್ಬಿನಲ್ಲಿ ಒಂದಷ್ಟು ಗಂಡಸರು ಹಾರ್ವರ್ಡ್–ಯೇಲ್ ಫುಟ್‌ಬಾಲ್ ಪಂದ್ಯದ ಫಲಿತಾಂಶಕ್ಕಾಗಿ ಕಾದು ಕೂತಿದ್ದರು. ಫಲಿತಾಂಶ ಬಂದ ಗದ್ದಲದಲ್ಲಿ ಒಬ್ಬ ಬಾಕ್ಸಿಂಗ್ ಗ್ಲೌಸ್ ಎಸೆದ, ಇನ್ನೊಬ್ಬ ಅದನ್ನು ಕೋಲಿನಿಂದ ಬಾರಿಸಿದ. ಜಾರ್ಜ್ ಹ್ಯಾನ್ಕಾಕ್ ಎಂಬ ಪತ್ರಕರ್ತ ಗ್ಲೌಸನ್ನು ಅದರ ದಾರದಲ್ಲೇ ಬಿಗಿದು ಚೆಂಡು ಮಾಡಿ, ನೆಲಕ್ಕೆ ಗೆರೆ ಎಳೆದು ಆಟ ಶುರು ಮಾಡಿಸಿದ. ಷಿಕಾಗೋದ ಚಳಿಯಲ್ಲಿ ಕೆಲಸವಿಲ್ಲದೆ ಒಳಗೆ ಕೂತ ಗಂಡಸರಿಗೆ ಏನಾದರೂ ಹೊಳೆದರೆ ಅದರ ಬಿಲ್ಲು ಒಂದಲ್ಲ ಒಂದು ದಿನ ಯಾರದಾದರೂ ಮನೆಗೆ ಬಂದೇ ಬರುತ್ತದೆ. ನೇಪರ್‌ವಿಲ್‌ನ ನಮ್ಮ ಮನೆಗೆ ಬಂತು.

ಮಗಳು ಪುಟ್ಟಿ ಹತ್ತರ ಒಳಗಿನವರ ತಂಡದಲ್ಲಿ ಚೆನ್ನಾಗಿಯೇ ಪಿಚ್ ಮಾಡುತ್ತಿದ್ದಳು. ಅಲ್ಲಿ ಚೆಂಡಿನ ಸುತ್ತಳತೆ 11 ಇಂಚು, ಎಸೆಯುವ ದೂರ 35 ಅಡಿ. ಹನ್ನೆರಡರ ಒಳಗಿನವರ ತಂಡಕ್ಕೆ ಹೋದಳೋ, ಚೆಂಡು 12 ಇಂಚಾಯಿತು, ದೂರ 40 ಅಡಿಯಾಯಿತು. ಹುಡುಗಿಯ ಕೈ ಮಾತ್ರ ಹೋದ ವರ್ಷದ್ದೇ. ಹೀಗಾದಾಗ ಎಲ್ಲ ಮಕ್ಕಳೂ ಮಾಡುವುದನ್ನೇ ಅವಳೂ ಮಾಡಿದಳು: ಚೆಂಡನ್ನು ಅಂಗೈಗೆ ಒತ್ತಿ ಹಿಡಿದು, ಭುಜ ಬಿಗಿದು, ಹಲ್ಲು ಕಚ್ಚಿ ಎಸೆದಳು. ಚೆಂಡು ಒಮ್ಮೆ ಬ್ಯಾಟರ್ ಹಿಂದೆ, ಒಮ್ಮೆ ಅಂಪೈರ್ ಮೇಲೆ, ಒಮ್ಮೆ ನಮ್ಮವರ ಮೊಣಕಾಲಿಗೆ.

ನಮ್ಮವರು ಸಾಫ್ಟ್‌ವೇರಿನವರು. ಸಮಸ್ಯೆ ಕಂಡ ಕೂಡಲೇ ಎಕ್ಸೆಲ್ ಶೀಟ್ ತೆರೆದರು. ಐದು ಗ್ಯಾಲನ್ನಿನ ಬಕೆಟ್ಟು, ಅದಕ್ಕೆ ಮೆತ್ತೆ ಹಾಕಿದ ಮುಚ್ಚಳ, ಕ್ಯಾಚರ್ ಗ್ಲೌಸು, ಕಾಲಿಗೆ ಕವಚ, ವೇಗ ಅಳೆಯುವ ರೇಡಾರು ಬಂದವು. ಈ ದೇಶದಲ್ಲಿ ಪಿಚರ್ ಮಗಳ ಎದುರು ಬಕೆಟ್ ಮೇಲೆ ಕೂತು ಚೆಂಡು ಹಿಡಿಯುವ ತಂದೆಗೆ ‘ಬಕೆಟ್ ಡ್ಯಾಡ್’ ಅನ್ನುತ್ತಾರೆ. ನಮ್ಮೂರಿನಲ್ಲಿ ಬಕೆಟ್ ಹಿಡಿಯುವವರಿಗೆ ಪ್ರಮೋಷನ್ನಾದರೂ ಸಿಗುತ್ತದೆ. ಬಕೆಟ್ ಮೇಲೆ ಕೂರುವವರಿಗೆ ಬೆನ್ನುನೋವು ಬಿಟ್ಟು ಬೇರೇನೂ ಸಿಕ್ಕಿದ್ದನ್ನು ನಾನು ನೋಡಿಲ್ಲ.

ಕೋಚುಗಳೂ ಬಂದರು. ಮೊದಲಿನವರು ಹಳೇ ಶಾಲೆಯ ಅಮ್ಮ. ಚೆಂಡು ಬಿಟ್ಟ ಮೇಲೆ ಕೈ ಮಡಿಸಿ ಮೊಣಕೈಯನ್ನು ಕ್ಯಾಚರ್ ಕಡೆಗೆ ಎತ್ತಬೇಕು, ಅದಕ್ಕೆ ‘ಹಲೋ ಎಲ್ಬೋ’ ಅಂತ ಹೆಸರು ಎಂದರು. ಪುಟ್ಟಿ ಒಂದು ಚಳಿಗಾಲವಿಡೀ ಗ್ಯಾರೇಜಿನ ನೀರು ಕಾಯಿಸುವ ಹಂಡೆಗೆ ಮೊಣಕೈಯಿಂದ ಹಲೋ ಹೇಳಿದಳು. ಎರಡನೆಯ ಕೋಚ್ ಬಂದು, “ಇದನ್ನು ಯಾರು ಕಲಿಸಿದರು?” ಎಂದು ತಲೆ ಮೇಲೆ ಕೈಯಿಟ್ಟುಕೊಂಡ. ಅವನ ಪ್ರಕಾರ ತೋಳು ತಿರುಗಿ ಕೆಳಗೆ ಬರುವಾಗ ಮೇಲ್ತೋಳು ಪಕ್ಕೆಗೆ ತಾಗಿ ನಿಧಾನವಾಗಬೇಕು, ಮುಂಗೈ ಸೊಂಟವನ್ನು ಸವರಿಕೊಂಡು ತಾನಾಗಿ ಒಳಕ್ಕೆ ಹೊರಳಬೇಕು, ಚೆಂಡು ಆ ಹೊರಳಿನಲ್ಲಿ ಹಾರಬೇಕು. ಒಳ್ಳೊಳ್ಳೆ ಪಿಚರ್‌ಗಳ ವಿಡಿಯೋಗಳನ್ನು ನಿಧಾನಗತಿಯಲ್ಲಿ ನೋಡಿದರೆ ಅವನು ಹೇಳುವುದೇ ಸರಿ ಅನ್ನಿಸುತ್ತದೆ. ಆದರೆ ಈ ಎರಡು ಮತದವರನ್ನು ಒಂದೇ ಮೈದಾನದಲ್ಲಿ ಬಿಟ್ಟರೆ ನಮ್ಮ ದ್ವೈತ–ಅದ್ವೈತದವರೇ ಬಂದು ಸಮಾಧಾನ ಹೇಳಬೇಕಾದೀತು.

ಇಷ್ಟು ಹೊತ್ತಿಗೆ ಹಾವೇರಿ ಕಡೆಯಿಂದ ಅತ್ತೆ ಮಾವ ಬಂದಿಳಿದರು.

ಮಾವನವರು ಕ್ರಿಕೆಟ್ಟಿನ ಹುಚ್ಚರು. ಮೊಮ್ಮಗಳು ಡ್ರೈವ್‌ವೇಯಲ್ಲಿ ಎಸೆಯುವುದನ್ನು ನಿಂತು ನೋಡಿ, ಮಗನನ್ನು ಪಕ್ಕಕ್ಕೆ ಕರೆದರು. “ಲೇ ತಮ್ಮಾ, ಇದು ಅಂಡರ್‌ಆರ್ಮ್ ಅಲ್ಲೇನಲೇ? 81ರಾಗ ಟ್ರೆವರ್ ಚಾಪೆಲ್ ನ್ಯೂಜಿಲೆಂಡಿನವ್ರಿಗೆ ಒಂದ ಚೆಂಡು ಹಿಂಗ ಉರುಳಿಸಿ ಇಡೀ ಜಗತ್ತಿನ ಕಡೆ ಬೈಸ್ಕೊಂಡ. ಅದನ್ನ ಕಲಿಸಾಕ ನೀ ರೊಕ್ಕಾ ಕೊಡಾಕತ್ತೀಯಲ್ಲೋ!”

ನಮ್ಮವರು ಜೆನ್ನಿ ಫಿಂಚ್ ಕತೆ ಹೇಳಿದರು. 2004ರಲ್ಲಿ ಆ ಹೆಣ್ಣುಮಗಳು ಇದೇ ಕೆಳಗೈ ಎಸೆತದಲ್ಲಿ ಬೇಸ್‌ಬಾಲಿನ ದೈತ್ಯ ಆಲ್ಬರ್ಟ್ ಪೂಹೋಲ್ಸ್‌ನನ್ನು ಔಟ್ ಮಾಡಿದ್ದು ನಿಜ. ಕನ್ನಡ ಕೂಟದ ಊಟದ ಸಾಲಿನಲ್ಲಿ ನಮ್ಮವರ ಹಿಂದೆ ನಿಂತವರಿಗೆಲ್ಲ ಅದು ಬಾಯಿಪಾಠ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ಸಾಫ್ಟ್‌ಬಾಲೂ ಕ್ರಿಕೆಟ್ಟೂ ಎರಡೂ ಮರಳಿ ಬರುತ್ತಿವೆ ಎಂದೂ ಸೇರಿಸಿದರು. ಮಾವನವರಿಗೆ ಕ್ರಿಕೆಟ್ ಅಂದದ್ದಷ್ಟೇ ಕೇಳಿಸಿತು. ಆದರೂ ಕುರ್ಚಿ ಹಾಕಿಕೊಂಡು ಕೂತರು.

ಅತ್ತೆಯವರ ಸಹಾಯ ಬೇರೆ ಬಗೆಯದು. ಪಿಚರ್ ಹೆಜ್ಜೆ ಅಡ್ಡಾದಿಡ್ಡಿ ಹೋಗದಿರಲು ಎಸೆಯುವ ಪಟ್ಟಿಯಿಂದ ನೇರ ಗೆರೆ ಎಳೆಯುತ್ತಾರೆ; ‘ಪವರ್ ಲೈನ್’. ಮುಂದಿಟ್ಟ ಕಾಲು ಅದರ ಮೇಲೇ ಬೀಳಬೇಕು. ಸೀಮೆಸುಣ್ಣ ಮುಗಿದಿತ್ತು. ಅತ್ತೆ ಊರಿಂದ ತಂದ ರಂಗೋಲಿ ಪುಡಿಯಲ್ಲಿ ಅಂಗುಲವೂ ಅಂಕುಡೊಂಕಾಗದಂತೆ ಗೆರೆ ಎಳೆದರು. ಅಲ್ಲಿಗೆ ನಿಲ್ಲಿಸಿದ್ದರೆ ಸರಿಯಿತ್ತು. ಬರೀ ಗೆರೆ ಅಶುಭವೆಂದು ಎರಡು ಕಡೆ ಬಳ್ಳಿ, ತುದಿಯಲ್ಲಿ ಕಮಲ ಬರೆದರು. ರಂಗೋಲಿ ತುಳಿಯಬಾರದು ಎಂದು ನಾವೇ ಹೇಳಿ ಬೆಳೆಸಿದ ಹುಡುಗಿ ಚೆಂಡು ಬೀಸುತ್ತ ಬಂದು ಕಮಲದ ಹತ್ತಿರ ಛಂಗನೆ ಪಕ್ಕಕ್ಕೆ ಹಾರಿದಳು. ಕೋಚ್ ಆ ವಿಡಿಯೋವನ್ನು ಮತ್ತೆ ಮತ್ತೆ ನೋಡಿ, ಸೊಂಟದಲ್ಲಿ ಏನೋ ದೋಷವಿದೆ ಅಂದ.

ಈಗ ಪುಟ್ಟಿಯ ತಲೆಯೊಳಗೆ ಎಷ್ಟು ಜನ ಇದ್ದರು ನೋಡಿ. ಕಾಲಿನಿಂದ ತಳ್ಳು ಅನ್ನುವವರು, ಹಿಂದಿನ ಕಾಲು ಎಳೆದುಕೊಂಡು ಬಾ ಅನ್ನುವವರು, ಮೊಣಕೈ ಎತ್ತು, ಮೊಣಕೈ ಮರೆತುಬಿಡು, ಮಣಿಕಟ್ಟು ಚಿಮ್ಮು, ನೆಟ್ಟಗೆ ನಿಲ್ಲು, ಬಗ್ಗಬೇಡ, ನಗು. ಬಕೆಟ್ಟಿನಿಂದ ನಮ್ಮವರು ಪ್ರತಿ ಎಸೆತಕ್ಕೂ ಒಂದು ಭಾಷಣ. ಕೊನೆಯದಾಗಿ “ರಿಲ್ಯಾಕ್ಸ್ ಆಗು ಪುಟ್ಟಿ!” ಎಂದು ಓಣಿಗೆಲ್ಲ ಕೇಳುವ ಹಾಗೆ ಕಿರುಚುತ್ತಿದ್ದರು.

ಒಂದು ಸಂಜೆ ಮಾವನವರು ಎದ್ದು ಬಂದರು. “ಯವ್ವಾ, ಕವಣಿ ಬೀಸೀಯೇನು?” ಪುಟ್ಟಿ ಇಲ್ಲವೆಂದಳು. ಹುಡುಗನಾಗಿದ್ದಾಗ ಜೋಳದ ಹೊಲದ ಅಟ್ಟದ ಮೇಲೆ ಕೂತು, ಪುಂಡಿನಾರಿನ ಕವಣಿಯಲ್ಲಿ ಹಕ್ಕಿ ಓಡಿಸುತ್ತಿದ್ದವರು ಅವರು. ಇಲ್ಲಿ ಕಲ್ಲು ಬೀಸಿದರೆ ಪೊಲೀಸರು ಬರುತ್ತಾರೆಂದು ನಾನು ಹೇಳಿದ್ದರಿಂದ, ಮಗನ ಉದ್ದನೆ ಕಾಲುಚೀಲ ತರಿಸಿ, ಅದರೊಳಗೆ ಚೆಂಡು ಹಾಕಿ, ಬಾಯಿಗೆ ಗಂಟು ಬಿಗಿದು ಮೊಮ್ಮಗಳ ಕೈಗೆ ಕೊಟ್ಟರು.

“ಬಿಗಿ ಹಿಡಿಬ್ಯಾಡ. ಕವಣಿಗೆ ಜೋರು ಬರೂದು ರಟ್ಟಿಯಿಂದಲ್ಲ. ತಿರುಗೂದು ತಿರುಗಲಿ. ತೊಡಿ ಹಂತ್ಯಾಕ ಬಂದಾಗ ಬಿಟ್ಟಬಿಡು, ಅಷ್ಟ. ನಮ್ಮ ಬೌಲರ್ ಚಂದ್ರಶೇಖರನ ಬಲಗೈ ಸಣ್ಣಾಗಿಂದ ಪೋಲಿಯೋದಾಗ ಸೊರಗಿತ್ತು. 71ರಾಗ ಓವಲ್‌ನ್ಯಾಗ ಅದೇ ಕೈಲೆ 38 ರನ್ನಿಗೆ 6 ಮಂದೀನ ಕಳಿಸಿದ. ಅವಗ ಯಾರರ ‘ಭುಜ ಬಿಗಿ’ ಅಂದಿದ್ರ ಆಗತಿತ್ತೇನು?”

ಕಾಲುಚೀಲ ಗಾಳಿಯಲ್ಲಿ ಸುಯ್ಯೆಂದಿತು. ಬಿಗಿದ ತೋಳಿನಲ್ಲಿ ಬೀಸಿದರೆ ಅದು ಬೆನ್ನಿಗೆ ಬಡಿಯುತ್ತದೆ, ಸಡಿಲ ಬಿಟ್ಟರೆ ಮಾತ್ರ ನೆಟ್ಟಗೆ ಹೋಗುತ್ತದೆ. ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಮುಂದಿನ ಪಾಠಕ್ಕೆ ಬಂದ ಕೋಚ್ ಇದನ್ನು ನೋಡಿ, “ಓ, ಸಾಕ್ ಡ್ರಿಲ್! ಇವತ್ತು ಅದನ್ನೇ ಹೇಳಿಕೊಡಬೇಕಂತಿದ್ದೆ” ಅಂದ. ಅರ್ಧ ಗಂಟೆಯ ಫೀಸು ಮಾತ್ರ ಪೂರ್ತಿ ತಗೊಂಡ. ಮಾವನವರಿಗೆ ಒಂದು ಲೋಟ ಚಹಾ ಸಿಕ್ಕಿತು.

ಆದರೆ ಆ ಕೋಚ್ ಕಲಿಸಿದ ಒಂದು ವಿದ್ಯೆಗೆ ಮಾವನವರು ಮನಸೋತರು: ಚೇಂಜ್‌ಅಪ್. ತೋಳು ಅದೇ ರಭಸದಲ್ಲಿ ತಿರುಗುತ್ತದೆ, ಮುಖದಲ್ಲಿ ಅದೇ ಸಿಟ್ಟು, ಚೆಂಡು ಮಾತ್ರ ಕೈಯ ಹಿಂಬದಿಯಿಂದ ಹೊರಬಿದ್ದು ನಿಧಾನವಾಗಿ ಬರುತ್ತದೆ. ಬ್ಯಾಟರ್ ಮೊದಲೇ ಬೀಸಿ ಮುಗಿಸಿರುತ್ತಾಳೆ. “ಇದು ನಮ್ಮ ಸ್ಪಿನ್ನರ್ ಪ್ರಸನ್ನನ ಆಟ ಐತಿ” ಎಂದು ಮಾವನವರು ಅಂದಿನಿಂದ ಸಾಫ್ಟ್‌ಬಾಲನ್ನು ಆಟವೆಂದು ಒಪ್ಪಿಕೊಂಡರು.

ವಾರಾಂತ್ಯದ ಟೂರ್ನಮೆಂಟಿಗೆ ಎಲ್ಲರೂ ಹೊರಟೆವು. ಅದೇ ದಿನ ಕನ್ನಡ ಕೂಟದ ಯುಗಾದಿ. ಅದಕ್ಕೆಂದು ಪುಟ್ಟಿಗೆ ಎರಡು ತಿಂಗಳು ಕೋಲಾಟ ಕಲಿಸಿದವರು ಈಗಲೂ ನನ್ನ ಜೊತೆ ಮಾತಾಡುತ್ತಿಲ್ಲ. ಡಗ್‌ಔಟಿನಲ್ಲಿ ಹುಡುಗಿಯರು ಸೂರ್ಯಕಾಂತಿ ಬೀಜ ಜಗಿದು ಸಿಪ್ಪೆಯನ್ನು ಕಾಲಬುಡಕ್ಕೇ ಉಗಿಯುವುದನ್ನು ಕಂಡು ಅತ್ತೆ ಹೌಹಾರಿದರು. ಉಗುಳುವ ಅಗತ್ಯವಿಲ್ಲದ ತಿಂಡಿಯೂ ಜಗತ್ತಿನಲ್ಲಿದೆ ಎಂದು ತೋರಿಸಲು ಒಗ್ಗರಣೆ ಚುರುಮುರಿಯ ಡಬ್ಬಿಯನ್ನು ಬೇಲಿಯ ಸಂದಿಯಿಂದ ದಾಟಿಸಿದರು. ಎರಡನೇ ಇನಿಂಗ್ಸ್ ಹೊತ್ತಿಗೆ ಡಬ್ಬಿ ಖಾಲಿ. ಮೂರನೇ ಬೇಸಿನ ಹುಡುಗಿ ಬಾಯಿ ಒರೆಸಿಕೊಳ್ಳುತ್ತಿದ್ದಾಗ ಚೆಂಡು ಅವಳ ಕಾಲ ನಡುವೆ ಹೋಯಿತು.

ಕೊನೆಯ ಇನಿಂಗ್ಸ್. ಮೂರು ಬೇಸ್‌ನಲ್ಲೂ ಓಟಗಾರ್ತಿಯರು, ಇಬ್ಬರು ಔಟ್, ಬ್ಯಾಟರ್‌ಗೆ ಎರಡು ಸ್ಟ್ರೈಕ್. ಎದುರಿಗೆ ನಿಂತವಳು ನನಗಿಂತ ಎತ್ತರ. ಬೇಲಿಯ ಹಿಂದೆ ನಮ್ಮವರ ತುಟಿ ಅಲುಗುತ್ತಿತ್ತು. ಮಾವನವರು ಅವರ ತೊಡೆಯ ಮೇಲೆ ಕೈಯಿಟ್ಟು ಒತ್ತಿ ಹಿಡಿದಿದ್ದರಿಂದ ಭಾಷಣ ಹೊರಬರಲಿಲ್ಲ. ಪುಟ್ಟಿ ತೋಳು ತಿರುಗಿಸಿದಳು. ಎದುರಿನವಳು ಬೀಸಿದ ಬ್ಯಾಟಿಗೆ ಸಿಕ್ಕಿದ್ದು ಬರೀ ಗಾಳಿ. ಅದು ಪೂರ್ತಿ ಸುತ್ತಿ ಬಂದ ಮೇಲೆ ಚೆಂಡು ಸಾವಕಾಶವಾಗಿ ಬಂದು ಕ್ಯಾಚರ್ ಗ್ಲೌಸಿನಲ್ಲಿ ಕೂತಿತು.

ಹುಡುಗಿಯರೆಲ್ಲ ಪುಟ್ಟಿಯ ಮೇಲೆ ಬಿದ್ದರು. ಅತ್ತೆ ದೃಷ್ಟಿ ತೆಗೆದರು. ಮಾವನವರು ಅಕ್ಕಪಕ್ಕದ ಬಿಳಿಯರಿಗೆಲ್ಲ ಪ್ರಸನ್ನನ ವಿಷಯ ಹೇಳತೊಡಗಿದರು. ನಮ್ಮವರೊಬ್ಬರೇ ರೇಡಾರ್ ನೋಡುತ್ತ ಮುಖ ಸಪ್ಪೆ ಮಾಡಿಕೊಂಡು ನಿಂತಿದ್ದರು.

“ಏನಾಯ್ತು ರೀ?”

“ಬರೀ 33 ಬಂದಿದೆ ಕಣೇ. ಹೋದ ವಾರ 45 ಇತ್ತು. ಇವತ್ತೇ ಕೋಚಿಗೆ ಫೋನ್ ಮಾಡಬೇಕು.”